ಭೌತಶಾಸ್ತ್ರ ಪಾಠ, ಬಿಎಸ್‌ಸಿ ಲೋಲಕದಿಂದ ಎಂಎಸ್‌ಸಿ ನ್ಯಾನೋ ಲ್ಯಾಬ್‌ವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಕಾಲೇಜಿಗೆ ಹೊಸದಾಗಿ ಸೇರಿದ ಉಪನ್ಯಾಸಕರು, ಅತಿಥಿ ಉಪನ್ಯಾಸಕರು, ಸ್ನಾತಕೋತ್ತರ ವಿಭಾಗದಲ್ಲಿ ಲ್ಯಾಬ್ ನೋಡಿಕೊಳ್ಳುವ ಸಂಶೋಧನಾ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸಿಲಬಸ್ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ. ತಾಪತ್ರಯಗಳು ಮಾತ್ರ ಎಲ್ಲ ಕಡೆ ಒಂದೇ. ಅವುಗಳಲ್ಲಿ ದೊಡ್ಡದು, ಅಳೆದದ್ದನ್ನು ಬಿಟ್ಟು ಪುಸ್ತಕದ ಉತ್ತರಕ್ಕೆ ಲೆಕ್ಕ ಹೊಂದಿಸುವ ಚಾಳಿ. ಮೊದಲ ಸೆಮಿಸ್ಟರ್‌ನಲ್ಲಿ ಬಿಡಿಸದಿದ್ದರೆ ಅದು ಎಂಎಸ್‌ಸಿ ಪ್ರಾಜೆಕ್ಟ್‌ವರೆಗೂ ಹಿಂದೆಯೇ ಬರುತ್ತದೆ.

ಮೊದಲ ವಾರ ನೇರವಾಗಿ ಪಾಠ ಶುರು ಮಾಡಬಹುದೇ?

ಮಾಡಬಹುದು. ಆದರೆ ಎದುರಿಗೆ ಕೂತವರ ತಲೆಯಲ್ಲಿ ಏನಿದೆ ಎಂದು ತಿಳಿಯದೆ ಮಾಡಿದ ಹಾಗಾಗುತ್ತದೆ. ಮೊದಲ ತರಗತಿಯಲ್ಲೇ ಅರ್ಧ ಗಂಟೆಯ ಒಂದು ಬಹು ಆಯ್ಕೆ ಪರೀಕ್ಷೆ ಇಡಿ. ಸೂತ್ರ, ಲೆಕ್ಕ ಬೇಡ. ಬರೀ ಪರಿಕಲ್ಪನೆ ಸಾಕು. ನಾಣ್ಯವನ್ನು ಮೇಲಕ್ಕೆ ಚಿಮ್ಮಿದ್ದೇವೆ, ಅದು ಇನ್ನೂ ಏರುತ್ತಿದೆ, ಗಾಳಿಯ ತಡೆ ಲೆಕ್ಕಕ್ಕಿಲ್ಲ. ಈಗ ಅದರ ಮೇಲೆ ಯಾವ ಬಲಗಳಿವೆ? ಕೆಳಮುಖವಾದ ಗುರುತ್ವ ಬಲ ಒಂದೇ. ಆದರೆ ಪಿಯುಸಿಯಲ್ಲಿ ತೊಂಬತ್ತರ ಮೇಲೆ ತೆಗೆದವರೂ ‘ಕೈ ಕೊಟ್ಟ ಬಲ ಮೇಲಕ್ಕಿದೆ, ಅದು ಕಡಿಮೆಯಾಗುತ್ತಾ ಹೋಗುತ್ತದೆ’ ಎಂಬ ಆಯ್ಕೆಗೆ ಗುರುತು ಹಾಕುತ್ತಾರೆ. ಲಾರಿ ಕಾರಿಗೆ ಗುದ್ದಿದಾಗ ಯಾವುದರ ಮೇಲೆ ಹೆಚ್ಚು ಬಲ, ತುತ್ತತುದಿಯಲ್ಲಿ ಚೆಂಡಿನ ವೇಗೋತ್ಕರ್ಷ ಎಷ್ಟು ಎಂಬ ಪ್ರಶ್ನೆಗಳಲ್ಲೂ ಇದೇ ಕಥೆ.

ಅಂಕ ಹೇಳಬೇಡಿ, ಉತ್ತರವನ್ನೂ ಚರ್ಚಿಸಬೇಡಿ. ಸೆಮಿಸ್ಟರ್ ಕೊನೆಗೆ ಅದೇ ಪರೀಕ್ಷೆ ಮತ್ತೆ ಕೊಡಿ. ಮೊದಲ ಸರಾಸರಿ ಶೇ. 40, ಕೊನೆಯದು ಶೇ. 55 ಎಂದಿಟ್ಟುಕೊಳ್ಳಿ. ಗಳಿಸಲು ಬಾಕಿಯಿದ್ದ 60ರಲ್ಲಿ 15 ಗಳಿಸಿದಂತಾಯಿತು, ಅಂದರೆ 0.25. ಅಮೆರಿಕದ ರಿಚರ್ಡ್ ಹೇಕ್ 1998ರಲ್ಲಿ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಇಂಥ ಫಲಿತಾಂಶ ಒಟ್ಟುಗೂಡಿಸಿದಾಗ ಬರೀ ಉಪನ್ಯಾಸದ ತರಗತಿಗಳಲ್ಲಿ ಈ ಸಂಖ್ಯೆ ಸರಾಸರಿ 0.23 ಇತ್ತು, ವಿದ್ಯಾರ್ಥಿಗಳನ್ನು ಚರ್ಚೆಗೆ ಎಳೆದ ತರಗತಿಗಳಲ್ಲಿ 0.48. ಪಾಠ ಚೆನ್ನಾಗಿ ಮಾಡುತ್ತೇವೆ ಎಂದುಕೊಂಡಿರುವವರಿಗೆ 0.2 ಬಂದರೆ ಸ್ವಲ್ಪ ಬೇಸರವಾಗುತ್ತದೆ. ಆಗಲಿ.

ತರಗತಿಯಲ್ಲಿ 80 ಜನ ಇದ್ದಾರೆ. ಚರ್ಚೆ ಎಲ್ಲಿ ಸಾಧ್ಯ?

ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದ ವಿಧಾನಕ್ಕೆ ಯಾವ ಯಂತ್ರವೂ ಬೇಡ. ಹದಿನೈದು ನಿಮಿಷ ಪಾಠ ಮಾಡಿ, ನಾಲ್ಕು ಆಯ್ಕೆಯ ಒಂದು ಪ್ರಶ್ನೆ ಬೋರ್ಡ್ ಮೇಲೆ ಬರೆಯಿರಿ. ಒಂದೂವರೆ ನಿಮಿಷ ಯಾರೂ ಮಾತಾಡುವಂತಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಉತ್ತರದ ಸಂಖ್ಯೆಯನ್ನು ಬೆರಳಲ್ಲಿ ತೋರಿಸಬೇಕು. ಬೆರಳು ಎದೆಯ ಹತ್ತಿರ ಇರಲಿ. ಕೈ ಮೇಲೆತ್ತಿದರೆ ಹಿಂದಿನ ಬೆಂಚಿನವರು ಮುಂದಿನ ಬೆಂಚಿನ ಜಾಣರನ್ನು ನೋಡಿ ಬದಲಾಯಿಸುತ್ತಾರೆ.

ಸರಿ ಉತ್ತರ ಶೇ. 30ಕ್ಕಿಂತ ಕಡಿಮೆಯಿದ್ದರೆ ಪಾಠವನ್ನೇ ಬೇರೆ ರೀತಿಯಲ್ಲಿ ಮತ್ತೆ ಹೇಳಿ. ಶೇ. 70 ದಾಟಿದ್ದರೆ ಎರಡು ಮಾತಲ್ಲಿ ವಿವರಿಸಿ ಮುಂದೆ ಹೋಗಿ. ನಡುವೆ ಇದ್ದರೆ ಮಾತ್ರ ಪಕ್ಕದವರನ್ನು ಒಪ್ಪಿಸಲು ಮೂರು ನಿಮಿಷ ಕೊಟ್ಟು ಮತ್ತೆ ಬೆರಳು ಎತ್ತಿಸಿ. ಮೊದಲ ಸುತ್ತಿನ ನಂತರ ಸರಿ ಉತ್ತರವನ್ನು ಮುಖದಲ್ಲೂ ತೋರಿಸಿಕೊಳ್ಳಬಾರದು. ಈ ವಿಧಾನ ಸೋಲುವುದು ಹೆಚ್ಚಾಗಿ ಅಲ್ಲಿಯೇ: ಮೇಷ್ಟ್ರು ತಲೆಯಾಡಿಸಿದ ಕೂಡಲೇ ಚರ್ಚೆ ನಿಂತುಹೋಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರು ಬಾಯಿಯೇ ಬಿಡುವುದಿಲ್ಲ. ಏನು ಮಾಡುವುದು?

ಪಕ್ಕದವರೊಡನೆ ಚರ್ಚೆ ಕನ್ನಡದಲ್ಲೇ ನಡೆಯಲಿ, ನೀವೂ ವಿವರಣೆಯನ್ನು ಕನ್ನಡದಲ್ಲಿ ಕೊಡಿ. ಪರೀಕ್ಷೆ ಇಂಗ್ಲಿಷಿನಲ್ಲಿದ್ದರೆ ವಾರಕ್ಕೊಮ್ಮೆ ಒಂದೇ ಒಂದು ಉತ್ತರವನ್ನು ಐದು ವಾಕ್ಯದ ಇಂಗ್ಲಿಷಿನಲ್ಲಿ ಬರೆಸಿ ತಿದ್ದಿ ಕೊಡಿ. ಎರಡನೇ ಸೆಮಿಸ್ಟರ್ ಹೊತ್ತಿಗೆ ಇದು ಸಮಸ್ಯೆಯಾಗಿ ಉಳಿಯುವುದು ಅಪರೂಪ.

ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಅಳೆದರೆ ಎಲ್ಲರಿಗೂ 9.81 ಹೇಗೆ ಬರುತ್ತದೆ?

ಬರುವುದಿಲ್ಲ, ತರಿಸುತ್ತಾರೆ. ಬೆಂಗಳೂರಿನಲ್ಲಿ ಅದು ಸೆಕೆಂಡ್ ವರ್ಗಕ್ಕೆ ಸುಮಾರು 9.78 ಮೀಟರ್. ಪುಸ್ತಕದ 9.81 ಹೆಚ್ಚುಕಡಿಮೆ 45 ಡಿಗ್ರಿ ಅಕ್ಷಾಂಶದ, ಸಮುದ್ರಮಟ್ಟದ ಬೆಲೆ. ನಾವಿರುವುದು 13 ಡಿಗ್ರಿಯಲ್ಲಿ, ಅದೂ 900 ಮೀಟರ್ ಎತ್ತರದಲ್ಲಿ. ಪ್ರಾಮಾಣಿಕವಾಗಿ 9.78 ತಂದ ಹುಡುಗಿಯೊಬ್ಬಳು ಒಂದು ರೀಡಿಂಗ್ ಅಳಿಸಿ 9.81 ಮಾಡಿ ಸಹಿಗೆ ತಂದರೆ, ಆ ರೆಕಾರ್ಡ್‌ನಲ್ಲಿ ಸರಿಯಿದ್ದ ಏಕೈಕ ಸಂಖ್ಯೆ ಹೋದಂತೆ.

ತಪ್ಪು ಎಲ್ಲಿದೆ ಎಂದು ಉತ್ತರವೇ ಹೇಳುತ್ತದೆ, ನೋಡುವ ಕಣ್ಣಿರಬೇಕು:

10.8ರ ಆಸುಪಾಸು ಬಂದರೆ ಎಣಿಕೆ ತಪ್ಪಿದೆ. ಸ್ಟಾಪ್‌ವಾಚ್ ಒತ್ತುವಾಗ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದಿದ್ದಾರೆ. 20 ಎಂದುಕೊಂಡದ್ದು 19 ಆಂದೋಲನ. ಕಾಲ ಶೇ. 5 ಕಡಿಮೆ, ಉತ್ತರ ಶೇ. 11ರಷ್ಟು ಹೆಚ್ಚು.

9.7ರ ಹತ್ತಿರ ಬಂದರೆ ಲೋಲಕವನ್ನು ತುಂಬ ಎಳೆದು ಬಿಟ್ಟಿದ್ದಾರೆ. ಕೋನ 15 ಡಿಗ್ರಿ ಇದ್ದರೆ ಆಂದೋಲನ ಕಾಲ ಶೇ. 0.43 ಹೆಚ್ಚುತ್ತದೆ, ಉತ್ತರ 0.08ರಷ್ಟು ಇಳಿಯುತ್ತದೆ. 5 ಡಿಗ್ರಿಯೊಳಗೆ ಇಟ್ಟರೆ ಇಳಿತ 0.01 ಮಾತ್ರ. ಗುಂಡಿನ ತ್ರಿಜ್ಯ ಸೇರಿಸದೆ ದಾರದ ಉದ್ದವನ್ನಷ್ಟೇ ಅಳೆದರೂ ಇದೇ ಬಗೆಯ ಇಳಿತ ಕಾಣುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಕಾಲದ ವರ್ಗ ಮತ್ತು ಉದ್ದದ ಗ್ರಾಫ್ ಹಾಕಿಸಿ. ತ್ರಿಜ್ಯ ಬಿಟ್ಟಿದ್ದರೆ ಗೆರೆಯ ಸ್ಲೋಪ್ ಕೆಡುವುದಿಲ್ಲ, ಮೂಲಬಿಂದುವಿನ ಮೂಲಕ ಹೋಗುವುದಿಲ್ಲ ಅಷ್ಟೆ. ನಮ್ಮ ಕಡೆ ಆ ಸ್ಲೋಪ್ ಮೀಟರಿಗೆ 4.04 ಸೆಕೆಂಡ್ ವರ್ಗ ಬರಬೇಕು.

ಇನ್ನು ಅನಿಶ್ಚಿತತೆ. ಕೈಯಿಂದ ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡ್ ಆಚೀಚೆ ಆಗುತ್ತದೆ. ಒಂದು ಮೀಟರ್ ಲೋಲಕದ 20 ಆಂದೋಲನಕ್ಕೆ 40.2 ಸೆಕೆಂಡ್. ಅಂದರೆ ಕಾಲದಲ್ಲಿ ಶೇ. 0.5, ಉತ್ತರದಲ್ಲಿ ಶೇ. 1. ಬರೆಯಬೇಕಾದದ್ದು 9.8 ± 0.1, ಅಷ್ಟೆ. ಈ ಪ್ರಯೋಗ 9.78ನ್ನೂ 9.81ನ್ನೂ ಬೇರ್ಪಡಿಸಲಾರದು. ಬೇರ್ಪಡಿಸಲೇಬೇಕೆಂದರೆ 100 ಆಂದೋಲನ ಎಣಿಸಬೇಕು, ಉದ್ದವನ್ನು ಒಂದು ಮಿಲಿಮೀಟರಿನೊಳಗೆ ಅಳೆಯಬೇಕು. ಹಾಗೆ ಮಾಡಿದರೂ ಅನಿಶ್ಚಿತತೆ 0.02ಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಈ ಲೆಕ್ಕವನ್ನು ಪ್ರಯೋಗಕ್ಕೆ ಮೊದಲೇ ಮಾಡಿಸಿ. ಕ್ಯಾಲ್ಕುಲೇಟರ್ ಕೊಟ್ಟ 9.8137462 ಹಾಗೇ ರೆಕಾರ್ಡಿಗೆ ಇಳಿಯುವುದು ತಾನಾಗಿ ನಿಲ್ಲುತ್ತದೆ.

ಸ್ಪೆಕ್ಟ್ರೋಮೀಟರ್ ಮುಂದೆ ಮೂರು ಗಂಟೆ ಕೂತರೂ ತರಂಗದೂರ ಸರಿ ಬರುವುದಿಲ್ಲ, ಯಾಕೆ?

ಮೂರು ಕಾರಣಗಳೇ ಮತ್ತೆ ಮತ್ತೆ ಸಿಗುತ್ತವೆ. ಒಂದು, ಗ್ರೇಟಿಂಗ್ (ಒತ್ತೊತ್ತಾಗಿ ಸಮಾನಾಂತರ ಗೆರೆಗಳಿರುವ ಫಲಕ) ಕಿರಣಕ್ಕೆ ಲಂಬವಾಗಿಲ್ಲ. ನೇರ ಕಿರಣದ ರೀಡಿಂಗ್ ತೆಗೆದು ಟೆಲಿಸ್ಕೋಪ್ ಅನ್ನು 90 ಡಿಗ್ರಿ ತಿರುಗಿಸಿ ಬಿಗಿ ಮಾಡಿ. ಗ್ರೇಟಿಂಗ್‌ನಿಂದ ಪ್ರತಿಫಲಿಸಿದ ಸ್ಲಿಟ್ ಚಿತ್ರ ಕ್ರಾಸ್‌ವೈರ್ ಮೇಲೆ ಕೂರುವವರೆಗೆ ಮೇಜನ್ನು ತಿರುಗಿಸಿ. ಆಮೇಲೆ ಮೇಜನ್ನು ಸರಿಯಾಗಿ 45 ಡಿಗ್ರಿ ತಿರುಗಿಸಿದರೆ ಗ್ರೇಟಿಂಗ್ ಲಂಬ. ಕೊನೆಗೆ ಎಡ-ಬಲದ ಕೋನಗಳನ್ನು ಹೋಲಿಸಿ. ಇಂಚಿಗೆ 15,000 ಗೆರೆಗಳ ಗ್ರೇಟಿಂಗ್‌ನಲ್ಲಿ ಸೋಡಿಯಂ ಬೆಳಕಿನ ಮೊದಲ ಆರ್ಡರ್ 20 ಡಿಗ್ರಿ 22 ನಿಮಿಷದ ಹತ್ತಿರ ಬರಬೇಕು. ಎಡ-ಬಲದಲ್ಲಿ 10 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಗ್ರೇಟಿಂಗ್ ಒಂದು ಡಿಗ್ರಿಗಿಂತ ಹೆಚ್ಚು ಓರೆಯಾಗಿದೆ.

ಎರಡು, ಸ್ಕೇಲ್ ಸೊನ್ನೆ ದಾಟಿದ್ದು ಗಮನಿಸಿಲ್ಲ. ಒಂದು ರೀಡಿಂಗ್ 350, ಇನ್ನೊಂದು 31 ಇದ್ದರೆ ವ್ಯತ್ಯಾಸ 41, 319 ಅಲ್ಲ. ಚಿಕ್ಕದಕ್ಕೆ 360 ಸೇರಿಸಿ ಕಳೆಯಬೇಕು. ಮೂರು, ಸ್ಲಿಟ್ ವಿಪರೀತ ಅಗಲ. ಎರಡನೇ ಆರ್ಡರ್‌ನಲ್ಲಿ 589.0 ಮತ್ತು 589.6ರ ಎರಡು ಹಳದಿ ಗೆರೆಗಳ ನಡುವೆ ಮೂರೂವರೆ ನಿಮಿಷದಷ್ಟು ಅಂತರವಿದೆ. ಅವು ಬೇರೆ ಬೇರೆಯಾಗಿ ಕಾಣದಿದ್ದರೆ ಬೈಯಬೇಕಾದದ್ದು ಗ್ರೇಟಿಂಗನ್ನಲ್ಲ, ಸ್ಲಿಟ್ ತಿರುಪನ್ನು.

ಸೀನಿಯರ್ ರೆಕಾರ್ಡ್ ನೋಡಿ ಬರೆಯುವುದನ್ನು ತಪ್ಪಿಸಬಹುದೇ?

ಪ್ರತಿ ಬ್ಯಾಚ್‌ಗೆ ಬೇರೆ ಉದ್ದ, ಬೇರೆ ಮಸೂರ, ಬೇರೆ ರೆಸಿಸ್ಟರ್ ಕೊಡಿ. ರೀಡಿಂಗ್ ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಲ್ಯಾಬ್ ಬಿಡುವ ಮೊದಲು ಆ ರಫ್ ಹಾಳೆಗೆ ನಿಮ್ಮ ಸಹಿ, ಸಮಯ ಇರಲಿ. ಅಂಕವೂ ಆ ಹಾಳೆಗೇ ಹೋಗಲಿ. ಚಂದದ ಅಕ್ಷರಕ್ಕೆ ಅಂಕ ಕೊಡುವ ಪದ್ಧತಿಯೇ ಅರ್ಧ ನಕಲಿಗೆ ಕಾರಣ.

ಉಪಕರಣಕ್ಕೆ ದುಡ್ಡಿಲ್ಲ.

ಹಳೆಯ ಸಿಡಿಯೇ ಗ್ರೇಟಿಂಗ್. ಅದರ ಸುರುಳಿಗಳ ಅಂತರ 1.6 ಮೈಕ್ರೋಮೀಟರ್, ಡಿವಿಡಿಯದು 0.74. 650 ನ್ಯಾನೋಮೀಟರ್‌ನ ಕೆಂಪು ಲೇಸರ್ ಪಾಯಿಂಟರ್ ಅನ್ನು ನೇರ ಬಿಟ್ಟರೆ ಸಿಡಿಯಿಂದ ಮೊದಲ ಆರ್ಡರ್ 24 ಡಿಗ್ರಿಯಲ್ಲಿ, ಡಿವಿಡಿಯಿಂದ 61 ಡಿಗ್ರಿಯಲ್ಲಿ ಗೋಡೆಗೆ ಬೀಳುತ್ತದೆ. ತಿರುಗಿ ಬರುವ ಕಿರಣ ಯಾರ ಕಣ್ಣಿನ ಮಟ್ಟಕ್ಕೂ ಬರದಂತೆ ಡಿಸ್ಕ್ ನಿಲ್ಲಿಸಿ.

ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಮೊಬೈಲಿನ ಸೆನ್ಸರ್‌ಗಳನ್ನು ಬಳಸಿಕೊಳ್ಳುತ್ತದೆ. ಒಂದು ಮೀಟರ್ ಎತ್ತರದಿಂದ ಬಿದ್ದ ಗುಂಡು ನೆಲ ಮುಟ್ಟಲು 0.452 ಸೆಕೆಂಡ್. ಕೈಯಿಂದ ಇದನ್ನು ಅಳೆಯುವುದು ವ್ಯರ್ಥ. ಆ್ಯಪ್‌ನ ಶಬ್ದದಿಂದ ಓಡುವ ಸ್ಟಾಪ್‌ವಾಚ್ ಸುಲಭವಾಗಿ ಅಳೆಯುತ್ತದೆ. ಫ್ಯಾನ್ ಆಫ್ ಮಾಡಿ, ಇಲ್ಲವಾದರೆ ಅದರ ಸದ್ದಿಗೇ ಗಡಿಯಾರ ಓಡುತ್ತದೆ.

ಜರ್ಮೇನಿಯಂನ ಬ್ಯಾಂಡ್ ಗ್ಯಾಪ್ 0.67 ಬರಲೇಬೇಕೇ?

ಬೇಡ. ಬ್ಯಾಂಡ್ ಗ್ಯಾಪ್ ಅಂದರೆ ಇಲೆಕ್ಟ್ರಾನ್ ಬಂಧ ಬಿಡಿಸಿಕೊಂಡು ಹರಿಯಲು ಬೇಕಾದ ಕನಿಷ್ಠ ಶಕ್ತಿ. 0.67 ಇಲೆಕ್ಟ್ರಾನ್ ವೋಲ್ಟ್ ಎನ್ನುವುದು ಕೋಣೆಯ ಉಷ್ಣತೆಯ ಬೆಲೆ. ಬಿಸಿ ಏರಿದಂತೆ ಗ್ಯಾಪ್ ಕುಗ್ಗುತ್ತದೆ, ಹಾಗಾಗಿ ಬೇರೆ ಬೇರೆ ಉಷ್ಣತೆಯಲ್ಲಿ ರೋಧ ಅಳೆಯುವ ನಾಲ್ಕು-ಮೊನೆ ಪ್ರಯೋಗದ ಸರಳರೇಖೆ ಕೊಡುವ ಬೆಲೆ ಅದಕ್ಕಿಂತ ಸ್ವಲ್ಪ ಹೆಚ್ಚಿರುವುದು ಸಹಜ. ಅರ್ಧದಷ್ಟು ಬಂದರೆ ಸೂತ್ರದ 2 ಮರೆತಿದ್ದಾರೆ. ಸುಮಾರು 2.3 ಪಟ್ಟು ಕಡಿಮೆ ಬಂದರೆ ಆಧಾರ ಹತ್ತರ ಲಾಗರಿದಮ್ ಹಾಕಿ 2.303 ಬಿಟ್ಟಿದ್ದಾರೆ. ಗ್ರಾಫ್‌ನ ತಂಪಿನ ತುದಿಯಲ್ಲಿ ಗೆರೆ ಬಾಗಿದರೆ ಅಲ್ಲಿ ಕಲ್ಮಶದ ಕೊಡುಗೆ ಹೆಚ್ಚು. ಆ ಬಿಂದುಗಳನ್ನು ಸ್ಲೋಪ್‌ಗೆ ಸೇರಿಸಬೇಡಿ. ಬಿಟ್ಟದ್ದು ಯಾಕೆ ಎಂದು ಮಾತ್ರ ಬರೆಸಿ.

ಎಂಎಸ್‌ಸಿಯಲ್ಲಿ ನ್ಯಾನೋವಿಜ್ಞಾನವನ್ನು ಎಲ್ಲಿಂದ ಶುರು ಮಾಡುವುದು?

‘ಕೂದಲಿನ ಎಳೆಯ ಇಷ್ಟನೇ ಒಂದು ಭಾಗ’ ಎಂಬ ಸ್ಲೈಡ್‌ನಿಂದ ಬೇಡ. ಅವರಿಗೆ ಆಗಲೇ ಗೊತ್ತಿರುವ ಪೆಟ್ಟಿಗೆಯೊಳಗಿನ ಕಣದಿಂದ ಶುರು ಮಾಡಿ, ಸಂಖ್ಯೆ ಹಾಕಿಸಿ. ಒಂದು ನ್ಯಾನೋಮೀಟರ್ ಪೆಟ್ಟಿಗೆಯಲ್ಲಿ ಇಲೆಕ್ಟ್ರಾನಿನ ಕನಿಷ್ಠ ಶಕ್ತಿ 0.376 ಇಲೆಕ್ಟ್ರಾನ್ ವೋಲ್ಟ್. ಹತ್ತು ನ್ಯಾನೋಮೀಟರ್‌ನಲ್ಲಿ ನೂರು ಪಟ್ಟು ಕಡಿಮೆ, 3.8 ಮಿಲಿ ಇಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯ ಶಕ್ತಿಯೇ 26. ಅಂದಮೇಲೆ ಹತ್ತು ನ್ಯಾನೋಮೀಟರ್‌ನಲ್ಲಿ ಗಾತ್ರದ ಪರಿಣಾಮ ಕಾಣಲೇಬಾರದಲ್ಲ ಎಂದು ಯಾರಾದರೂ ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ಉತ್ತರ ಪರಿಣಾಮಿ ದ್ರವ್ಯರಾಶಿಯಲ್ಲಿದೆ: ಕ್ಯಾಡ್ಮಿಯಂ ಸೆಲೆನೈಡ್‌ನೊಳಗೆ ಇಲೆಕ್ಟ್ರಾನ್ ತನ್ನ ನಿಜವಾದ ದ್ರವ್ಯರಾಶಿಯ 0.13ರಷ್ಟೇ ಇರುವಂತೆ ವರ್ತಿಸುತ್ತದೆ, ಹಾಗಾಗಿ ಶಕ್ತಿ ಸುಮಾರು ಎಂಟು ಪಟ್ಟು ಹೆಚ್ಚು.

ಅಲ್ಲಿಂದ, ಕಣದ ಗಾತ್ರದಿಂದ ಅದು ಹೀರುವ ಬೆಳಕಿನ ಶಕ್ತಿ ಹೇಳುವ ಬ್ರೂಸ್ ಸಮೀಕರಣಕ್ಕೆ ಹೋಗಿ. 2023ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಲೂಯಿಸ್ ಬ್ರೂಸ್ ಒಬ್ಬರು. 4 ನ್ಯಾನೋಮೀಟರ್ ವ್ಯಾಸದ ಕ್ಯಾಡ್ಮಿಯಂ ಸೆಲೆನೈಡ್ ಕಣಕ್ಕೆ ಈ ಸಮೀಕರಣ 2.5 ಇಲೆಕ್ಟ್ರಾನ್ ವೋಲ್ಟ್, ಅಂದರೆ 490 ನ್ಯಾನೋಮೀಟರ್‌ನ ಆಸುಪಾಸು ಹೇಳುತ್ತದೆ. ನಿಜವಾದ ಕಣ ಹೀರುವುದು 590ರ ಹತ್ತಿರ. ಸಮೀಕರಣ ಗೋಡೆಗಳನ್ನು ಅನಂತ ಎತ್ತರ ಎಂದುಕೊಳ್ಳುತ್ತದೆ, ಬ್ಯಾಂಡನ್ನು ಪರಿಪೂರ್ಣ ಪ್ಯಾರಾಬೋಲಾ ಎಂದುಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಮುಚ್ಚಿಡದೆ ಪರೀಕ್ಷೆಯ ಪ್ರಶ್ನೆಯನ್ನಾಗಿ ಮಾಡಿ.

ಚಿನ್ನದ ನ್ಯಾನೋಕಣ ಪ್ರಯೋಗ ನಮ್ಮ ಲ್ಯಾಬ್‌ನಲ್ಲಿ ಸಾಧ್ಯವೇ?

ಹಾಟ್‌ಪ್ಲೇಟ್ ಸ್ಟರರ್, ಫ್ಯೂಮ್ ಹುಡ್, ಡಿಅಯನೈಸ್ಡ್ ನೀರು ಇದ್ದರೆ ಸಾಧ್ಯ. 1951ರಲ್ಲಿ ಟರ್ಕೆವಿಚ್ ತೋರಿಸಿದ, 1973ರಲ್ಲಿ ಫ್ರೆನ್ಸ್ ವಿಸ್ತರಿಸಿದ ಸಿಟ್ರೇಟ್ ವಿಧಾನವೇ ಇವತ್ತಿಗೂ ಬೋಧನೆಗೆ ಅನುಕೂಲ. ಒಂದು ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ 20 ಮಿ.ಲೀ. ತೆಗೆದುಕೊಂಡು ಕಲಕುತ್ತಾ ಕುದಿಸಿ. ಚೆನ್ನಾಗಿ ಕುದಿ ಬಂದಾಗ ಶೇ. 1ರ ಟ್ರೈಸೋಡಿಯಂ ಸಿಟ್ರೇಟ್ 2 ಮಿ.ಲೀ. ಅನ್ನು ಒಂದೇ ಸಲಕ್ಕೆ ಸುರಿಯಿರಿ. ತಿಳಿ ಹಳದಿ ಮೊದಲು ಬಣ್ಣ ಕಳೆದುಕೊಂಡು, ಬೂದು-ನೀಲಿಗೆ ತಿರುಗಿ, ಹತ್ತು ನಿಮಿಷದೊಳಗೆ ಗಾಢ ಕೆಂಪಾಗುತ್ತದೆ. ಕಣಗಳು ಸುಮಾರು 13 ನ್ಯಾನೋಮೀಟರ್, ಹೀರಿಕೆಯ ಪೀಕ್ 520ರ ಹತ್ತಿರ. ಸಿಟ್ರೇಟ್ ಕಡಿಮೆ ಮಾಡಿದರೆ ಕಣ ದೊಡ್ಡದಾಗುತ್ತದೆ.

ಚಿನ್ನದ ಲವಣ ತೇವ ಹೀರಿ ಅಂಟಂಟಾಗುತ್ತದೆ, ಬಾರಿಬಾರಿಗೂ ತೂಗಲು ಹೋಗಬೇಡಿ. ಒಂದು ಗ್ರಾಂ ಬಾಟಲಿಯನ್ನು ಪೂರ್ತಿ 250 ಮಿ.ಲೀ. ನೀರಿಗೆ ಕರಗಿಸಿ ಕಂದು ಬಾಟಲಿಯಲ್ಲಿಡಿ. ಅದು ಸುಮಾರು 10 ಮಿಲಿಮೋಲಾರ್. ಒಂದು ಪ್ರಯೋಗಕ್ಕೆ ಅದರಲ್ಲಿ 2 ಮಿ.ಲೀ. ಸಾಕು, ಹಾಗಾಗಿ ನೂರಕ್ಕೂ ಹೆಚ್ಚು ಸಲ ಬರುತ್ತದೆ. ಲೋಹದ ಸ್ಪ್ಯಾಚುಲಾ ಮುಟ್ಟಿಸಬೇಡಿ, ಅದನ್ನೇ ತಿನ್ನುತ್ತದೆ. ಕೆಂಪಿನ ಬದಲು ನೇರಳೆ ಅಥವಾ ಕಪ್ಪು ಬಂದರೆ ಹತ್ತರಲ್ಲಿ ಒಂಬತ್ತು ಸಲ ಗಾಜಿನ ಪಾತ್ರೆ ಕೊಳೆಯಾಗಿದೆ ಎಂದೇ ಅರ್ಥ. ಕೊನೆಗೆ ಒಂದು ಚಿಕ್ಕ ಕೊಳವೆಗೆ ಉಪ್ಪುನೀರು ಕೆಲವು ಹನಿ ಹಾಕಿ ತೋರಿಸಿ. ಕೆಂಪು ಕಣ್ಣೆದುರೇ ನೀಲಿಯಾಗುತ್ತದೆ. ಕಣಗಳನ್ನು ದೂರ ಇಟ್ಟಿದ್ದ ವಿದ್ಯುದಾವೇಶವನ್ನು ಉಪ್ಪು ಮರೆಮಾಡಿತು, ಅವು ಗುಂಪುಗೂಡಿದವು.

ಚಿನ್ನ ದುಬಾರಿ. ಎಲೆಯ ರಸದಲ್ಲಿ ಬೆಳ್ಳಿ ಮಾಡಿಸಿದರೆ?

ಬೆಳ್ಳಿ ಮಾಡಿಸಿ, ಎಲೆ ಯಾಕೆ ಎಂಬ ಪ್ರಶ್ನೆಗೆ ಮೊದಲು ಉತ್ತರ ಇರಲಿ. ಹಿಮದಲ್ಲಿಟ್ಟ 2 ಮಿಲಿಮೋಲಾರ್ ಸೋಡಿಯಂ ಬೋರೋಹೈಡ್ರೈಡ್ 30 ಮಿ.ಲೀ.ಗೆ, ಕಲಕುತ್ತಾ, 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 2 ಮಿ.ಲೀ. ಅನ್ನು ಸೆಕೆಂಡಿಗೊಂದು ಹನಿಯಂತೆ ಬಿಟ್ಟರೆ ತಿಳಿ ಹಳದಿ ದ್ರಾವಣ, 400 ನ್ಯಾನೋಮೀಟರ್ ಹತ್ತಿರ ಪೀಕ್. ಬೋರೋಹೈಡ್ರೈಡ್ ಆಗಿಂದಾಗಲೇ ಕರಗಿಸಿದ್ದಾಗಿರಬೇಕು. ಹನಿ ಮುಗಿದ ಕೂಡಲೇ ಕಲಕುವುದನ್ನು ನಿಲ್ಲಿಸಿ. ಮುಂದುವರಿಸಿದರೆ ಬೂದು ಗಸಿ ಕೂರುತ್ತದೆ. ನಲ್ಲಿ ನೀರು ಬಳಸಿದರೆ ಹಾಲಿನಂತೆ ಮಸುಕಾಗುತ್ತದೆ, ಅದು ಸಿಲ್ವರ್ ಕ್ಲೋರೈಡ್.

ಎಲೆಯ ರಸದಲ್ಲೂ ಅದೇ ಕ್ಲೋರೈಡ್ ಇರುತ್ತದೆ. ಪ್ರಾಜೆಕ್ಟ್ ವರದಿಗಳ ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ವಿವರ್ತನೆಯ ಗ್ರಾಫ್) 27.8, 32.2, 46.2 ಡಿಗ್ರಿಗಳಲ್ಲಿ ಪೀಕ್ ಬಂದು, ಅದರ ಕೆಳಗೆ ‘ಸಸ್ಯಜನ್ಯ ಸಾವಯವ ಅಂಶ’ ಎಂದು ಬರೆದಿದ್ದರೆ ಆ ಹಾಳೆಯನ್ನು ವಾಪಸ್ ಕೊಡಿ. ಬೆಳ್ಳಿಯದು 38.1, 44.3, 64.4, 77.4. 27.8, 32.2, 46.2 ಸಿಲ್ವರ್ ಕ್ಲೋರೈಡ್‌ನವು.

ಷೆರರ್ ಸಮೀಕರಣದಿಂದ ಒಬ್ಬೊಬ್ಬರಿಗೆ ಒಂದೊಂದು ಗಾತ್ರ ಬರುತ್ತದೆ. ಯಾವುದು ಸರಿ?

ಎಕ್ಸ್‌ಆರ್‌ಡಿ ಪೀಕ್‌ನ ಅಗಲದಿಂದ ಸ್ಫಟಿಕದ ಗಾತ್ರ ಲೆಕ್ಕ ಹಾಕುವ ಸಮೀಕರಣವಿದು. ಒಂದೇ ಪೀಕ್ ಕೊಟ್ಟು ಎಲ್ಲರಿಗೂ ಲೆಕ್ಕ ಮಾಡಲು ಹೇಳಿ. ಜಿಂಕ್ ಆಕ್ಸೈಡ್, ಪೀಕ್ 36.25 ಡಿಗ್ರಿಯಲ್ಲಿ, ಅರ್ಧ ಎತ್ತರದಲ್ಲಿ ಅಗಲ 0.40 ಡಿಗ್ರಿ, ತಾಮ್ರದ ಕಿರಣ 0.15406 ನ್ಯಾನೋಮೀಟರ್, ಸ್ಥಿರಾಂಕ 0.9.

0.36 ನ್ಯಾನೋಮೀಟರ್ ಬಂದವರು ಅಗಲವನ್ನು ರೇಡಿಯನ್‌ಗೆ ಬದಲಾಯಿಸಿಲ್ಲ. ಜಿಂಕ್ ಆಕ್ಸೈಡ್‌ನ ಒಂದು ಯೂನಿಟ್ ಸೆಲ್‌ನ ಎತ್ತರವೇ 0.52; ಅದಕ್ಕಿಂತ ಚಿಕ್ಕ ಸ್ಫಟಿಕ ಹೇಗೆ ಸಾಧ್ಯ ಎಂದು ಯಾರಿಗೂ ಅನ್ನಿಸಿರುವುದಿಲ್ಲ. 24.6 ಬಂದವರು ಕೊಸೈನ್ ಒಳಗೆ ಅರ್ಧ ಕೋನದ ಬದಲು ಪೂರ್ತಿ ಕೋನ ಹಾಕಿದ್ದಾರೆ. ಇದು ಹೆಚ್ಚು ಅಪಾಯದ ತಪ್ಪು, ಯಾಕೆಂದರೆ ಉತ್ತರ ನೋಡಲು ಸಭ್ಯವಾಗಿರುತ್ತದೆ. 20.9 ಬಂದವರ ಲೆಕ್ಕ ಸರಿ, ಭೌತಶಾಸ್ತ್ರ ಇನ್ನೂ ಮುಗಿದಿಲ್ಲ.

ಉಪಕರಣವೂ ಪೀಕನ್ನು ಅಗಲ ಮಾಡುತ್ತದೆ. ಸಿಲಿಕಾನ್ ಅಥವಾ ಲ್ಯಾಂಥನಂ ಹೆಕ್ಸಾಬೋರೈಡ್ ಮಾದರಿಯಲ್ಲಿ ಆ ಅಗಲ 0.12 ಡಿಗ್ರಿ ಬಂದಿತು ಎಂದುಕೊಳ್ಳಿ. ಪೀಕ್ ಗೌಸಿಯನ್ ಎಂದು ವರ್ಗಗಳನ್ನು ಕಳೆದರೆ 21.9 ನ್ಯಾನೋಮೀಟರ್. ಲೊರೆಂಟ್ಜಿಯನ್ ಎಂದು ನೇರ ಕಳೆದರೆ 29.9. ನಿಜವಾದ ಪೀಕ್ ಇವೆರಡರ ನಡುವೆ. ಅಂದರೆ ‘20ರಿಂದ 30 ನ್ಯಾನೋಮೀಟರ್’ ಎಂದಷ್ಟೇ ಹೇಳಬಹುದಾದ ಕಡೆ ವರದಿಯಲ್ಲಿ 20.897 ಎಂದಿರುತ್ತದೆ. ಲೋಲಕದ 9.8137462 ಇಲ್ಲಿ ವೇಷ ಬದಲಿಸಿಕೊಂಡು ಬಂದಿದೆ. ಇದರ ಮೇಲೆ ಲ್ಯಾಟಿಸ್ ಸ್ಟ್ರೇನ್ ಕೂಡ ಅಗಲಕ್ಕೆ ಕೊಡುಗೆ ಕೊಡುತ್ತದೆ, ಅದಕ್ಕೆ ಹಲವು ಪೀಕ್‌ಗಳನ್ನು ಒಟ್ಟಿಗೆ ನೋಡಬೇಕು. ಸ್ಕ್ಯಾನ್ ಹೆಜ್ಜೆ 0.02 ಡಿಗ್ರಿ ಇರಲಿ. 0.1 ಇಟ್ಟರೆ ಇಡೀ ಅಗಲದಲ್ಲಿ ನಾಲ್ಕೇ ಬಿಂದು ಸಿಗುತ್ತವೆ. ನೂರು ನ್ಯಾನೋಮೀಟರ್ ದಾಟಿದ ಗಾತ್ರಕ್ಕೆ ಈ ಸಮೀಕರಣ ಬಳಸುವ ಗೋಜಿಗೆ ಹೋಗಬೇಡಿ.

ಎಕ್ಸ್‌ಆರ್‌ಡಿ 22 ಎನ್ನುತ್ತದೆ, ಟಿಇಎಂ 60 ಎನ್ನುತ್ತದೆ. ಯಾವುದನ್ನು ಬರೆಯುವುದು?

ಎರಡನ್ನೂ. ಎಕ್ಸ್‌ಆರ್‌ಡಿ ಹೇಳುವುದು ಒಂದೇ ಸ್ಫಟಿಕವಾಗಿ ಜೋಡಣೆಯಾದ ಭಾಗದ ಗಾತ್ರ, ಟಿಇಎಂ (ಟ್ರಾನ್ಸ್‌ಮಿಷನ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ) ತೋರಿಸುವುದು ಕಣದ ಗಾತ್ರ. ಒಂದು ಕಣದಲ್ಲಿ ಹಲವು ಸ್ಫಟಿಕಗಳಿರಬಹುದು. ಟಿಇಎಂ ಸರಾಸರಿ ಬರೆಯುವಾಗ ಚೆಂದದ ಹತ್ತು ಕಣ ಆರಿಸಬೇಡಿ. ಬೇರೆ ಬೇರೆ ಜಾಗದ ಚಿತ್ರಗಳಿಂದ 200 ಕಣವಾದರೂ ಅಳೆದು ಹಿಸ್ಟೋಗ್ರಾಂ ಹಾಕಿ.

ನಮ್ಮಲ್ಲಿ ಇಂಥ ಉಪಕರಣಗಳೇ ಇಲ್ಲವಲ್ಲ?

ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರ ‘ಸೆನ್ಸ್’ನಲ್ಲಿ ಹೊರಗಿನ ಸಂಸ್ಥೆಗಳವರಿಗೆ ತರಬೇತಿ, ಬಳಕೆಯ ಅವಕಾಶ ಕೊಡುವ ಐಎನ್‌ಯುಪಿ ಎಂಬ ಕಾರ್ಯಕ್ರಮ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್‌ಎಐಎಫ್ ಎಂಬ ವಿಶ್ಲೇಷಣಾ ಉಪಕರಣಗಳ ಕೇಂದ್ರವಿದೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಹುಡುಕಲು ಐ-ಸ್ಟೆಮ್ ಪೋರ್ಟಲ್ ಇದೆ. ಸ್ಯಾಂಪಲ್ ಕಳಿಸುವ ಮೊದಲು ಏನು ನಿರೀಕ್ಷಿಸುತ್ತೀರಿ ಎಂದು ವಿದ್ಯಾರ್ಥಿಯಿಂದ ಒಂದು ಹಾಳೆ ಬರೆಸಿ. ಯಾವ ಕೋನದಲ್ಲಿ ಪೀಕ್, ಎಷ್ಟು ಅಗಲ. ಬರೆಯಲಾಗದಿದ್ದರೆ ಸ್ಯಾಂಪಲ್ ಇನ್ನೂ ಕಳಿಸುವ ಹಂತಕ್ಕೆ ಬಂದಿಲ್ಲ.

ವೈವಾದಲ್ಲಿ ಏನು ಕೇಳಬೇಕು?

ವ್ಯಾಖ್ಯೆ ಬೇಡ. ‘ನಿನ್ನ ಉತ್ತರದಲ್ಲಿ ಅತಿ ಹೆಚ್ಚು ಅನಿಶ್ಚಿತತೆ ತಂದ ಅಳತೆ ಯಾವುದು? ಅದನ್ನು ಅರ್ಧಕ್ಕೆ ಇಳಿಸಲು ಏನು ಮಾಡುತ್ತೀಯ?’ ಈ ಎರಡು ಪ್ರಶ್ನೆ ಮೊದಲ ಸೆಮಿಸ್ಟರ್‌ಗೂ ಸಾಕು, ಎಂಎಸ್‌ಸಿ ಪ್ರಾಜೆಕ್ಟ್‌ಗೂ ಸಾಕು. ಬೆಲೆ ಪುಸ್ತಕಕ್ಕೆ ಹೊಂದದಿದ್ದರೂ ಕಾರಣ ಸರಿಯಾಗಿ ಹೇಳಿದವರಿಗೆ ಪೂರ್ತಿ ಅಂಕ ಕೊಡಿ. ಒಮ್ಮೆ ಕೊಟ್ಟರೆ ಸುದ್ದಿ ಮುಂದಿನ ಬ್ಯಾಚ್‌ಗೆ ತಾನಾಗಿ ಹೋಗುತ್ತದೆ.

ಉಳಿದ ದ್ರಾವಣಗಳನ್ನು ಸಿಂಕ್‌ಗೆ ಸುರಿಯಬಹುದೇ?

ಬೇಡ. ಚಿನ್ನ, ಬೆಳ್ಳಿಯ ದ್ರಾವಣಗಳಿಗೆ ಬೇರೆ ಬೇರೆ ಬಾಟಲಿ ಇಟ್ಟು ಹೆಸರು, ದಿನಾಂಕ ಬರೆಯಿರಿ. ಉಪ್ಪು ಹಾಕಿದರೆ ಕಣಗಳು ಒಂದೆರಡು ದಿನದಲ್ಲಿ ತಳಕ್ಕೆ ಕೂರುತ್ತವೆ, ಶೇಖರಿಸುವುದು ಸುಲಭ. ಬೋರೋಹೈಡ್ರೈಡ್ ಉಳಿದ ಬಾಟಲಿಯ ಮುಚ್ಚಳ ಮಾತ್ರ ಬಿಗಿ ಮಾಡಬೇಡಿ. ಅದರಿಂದ ಹೈಡ್ರೋಜನ್ ಬರುತ್ತಲೇ ಇರುತ್ತದೆ, ಒತ್ತಡ ಏರಿದರೆ ಬಾಟಲಿ ಸಿಡಿಯುತ್ತದೆ. ಫ್ಯೂಮ್ ಹುಡ್ ಒಳಗೆ ಒಂದು ರಾತ್ರಿ ತೆರೆದಿಟ್ಟು ಆಮೇಲೆ ಮುಚ್ಚಿ.